ವರ್ಷಕ್ಕೊಂದು ಪೂಜೆ ಕಂಡ ಬೋಟು ಮತ್ತು ಇಂದುಮತಿ ಆಂಟಿಯ ಹಟ

...ಹಟಮಾರಿ ಅಂತಲೇ ಇಟ್ಟುಕೊಳ್ಳಿ, ನನ್ನದೇನೂ ತಕರಾರಿಲ್ಲ. ಆದರೆ ಹೋದ ಸಲ ಮಾತಾಡುವಾಗ ನೀವು, "ಪಾಪ, ಗಣಪತಿ ಅಂಕಲ್‌ಗೆ ಎಲ್ಲರ ಎದುರಿಗೆ ಹಾಗೆ ಮಾಡಬಾರ್ದಿತ್ತು" ಎಂದಿರಲ್ಲ, ಆ ಮಾತು ನನಗೆ ಇನ್ನೂ ಜೀರ್ಣವಾಗಿಲ್ಲ. ಇಂದುಮತಿ ಆಂಟಿ ಏನು ಮಾಡಿದರು, ಯಾಕೆ ಮಾಡಿದರು ಅನ್ನುವುದನ್ನು ಮೊದಲಿನಿಂದ ಹೇಳಿಬಿಡುತ್ತೇನೆ, ಆಮೇಲೆ ನೀವೇ ತೀರ್ಮಾನ ಮಾಡಿ. ನಾನಂತೂ ಅವರ ಪಾರ್ಟಿ. ಮುಚ್ಚಿಡುವುದೇನಿದೆ?

ಆಂಟಿ ಮೈಸೂರಿನವರು. ಪರ್ತ್‌ನ ಬೆಂಟ್ಲಿಯಲ್ಲಿ, ನಾವು ಸ್ಟೂಡೆಂಟ್‌ಗಳು ಗುಂಪಾಗಿ ಬಾಡಿಗೆಗಿರುವ ಮನೆಯ ಬೇಲಿಯಾಚೆಗೇ ಅವರ ಮನೆ. ಕೆಲಸ ಸಾಫ್ಟ್‌ವೇರ್ ಟೆಸ್ಟಿಂಗ್. ಅಂದರೆ ಬೇರೆಯವರು ಬರೆದು "ಎಲ್ಲಾ ಸರಿಯಾಗಿದೆ" ಎಂದು ಕೊಟ್ಟದ್ದನ್ನು ತೆಗೆದುಕೊಂಡು, ಎಲ್ಲಿ ಸರಿಯಿಲ್ಲ ಎಂದು ಹುಡುಕುವುದು. ಇಷ್ಟು ವರ್ಷ ಅದನ್ನೇ ಮಾಡಿದವರಿಗೆ ಯಾರಾದರೂ "ನಂಬಿ" ಎಂದರೆ ಮೊದಲು ಅನುಮಾನವೇ ಬರುತ್ತದೆ. ಯಜಮಾನರು ಮಲ್ಲಿಕಾರ್ಜುನ ಅಂಕಲ್, ಗಣಿ ಎಂಜಿನಿಯರ್. ಎರಡು ವಾರ ಉತ್ತರದ ಗಣಿಯಲ್ಲಿ, ಒಂದು ವಾರ ಮನೆಯಲ್ಲಿ. ಒಬ್ಬಳೇ ಮಗಳು ಕವನಾ.

ಈ ಕತೆಯೆಲ್ಲ ಕವನಾಳದ್ದೇ.

ಪರ್ತ್‌ಗೆ ಬರುವ ಮೊದಲು ಅವರೆಲ್ಲ ಅಡಿಲೇಡ್‌ನ ಗ್ಲೆನೆಲ್ಗ್‌ನಲ್ಲಿದ್ದರು. ಟ್ರಾಮ್ ಇಳಿದರೆ ಎದುರಿಗೇ ಸಮುದ್ರ. ಕವನಾ ಮೊದಲ ಹೆಜ್ಜೆ ಇಟ್ಟಿದ್ದು ಅಲ್ಲಿ ಸಮುದ್ರದೊಳಕ್ಕೆ ಚಾಚಿದ ಜೆಟ್ಟಿಯ ಹಲಗೆಗಳ ಮೇಲೆ. ಸಂಜೆ ಅವಳನ್ನು ನೀರಿನಿಂದ ಎಳೆದು ತರುವುದೇ ಮನೆಯವರಿಗೆ ಒಂದು ಕೆಲಸವಾಗಿತ್ತಂತೆ. "ಮಗು ಹೆತ್ತಿದೀನಿ ಅನ್ಕೊಂಡಿದ್ದೆ, ನೋಡಿದ್ರೆ ಮೀನು" ಎಂದು ಆಂಟಿ ಈಗಲೂ ನಗುತ್ತಾರೆ. ಆದರೆ ಆ ನಗು ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ.

ಯಾಕೆಂದರೆ ಎರಡು ಸಾವಿರದ ಹದಿಮೂರರ ಬೇಸಿಗೆ ರಜೆಗೆ ಬ್ರಿಸ್ಬೇನ್‌ಗೆ ಹೋದರು. ಆಂಟಿಯ ತಮ್ಮ ಸಂದೀಪ ಫೋರ್ಟಿಟ್ಯೂಡ್ ವ್ಯಾಲಿಯಲ್ಲಿ ಅಪಾರ್ಟ್‌ಮೆಂಟ್‌ನಲ್ಲಿದ್ದ. ಅವನ ಆಫೀಸಿನ ಗೆಳೆಯನೊಬ್ಬನ ಬೋಟಿನಲ್ಲಿ ಎಲ್ಲರೂ ಕೊಲ್ಲಿಗೆ ಹೋದರು. ದಡ ಸಣ್ಣದಾಗಿ ಕಾಣುವಷ್ಟು ದೂರ ಹೋದ ಮೇಲೆ ಎಂಜಿನ್ ನಿಂತಿತು, ಗಾಳಿ ಎದ್ದಿತು. ಲಂಗರು ಹಾಕಿ ಎಂದು ಯಾರೋ ಕೂಗಿದರು, ಇನ್ಯಾರೋ ಎತ್ತಿ ಎಸೆದರು. ಅದರ ಹಗ್ಗದ ಇನ್ನೊಂದು ತುದಿಯನ್ನು ಬೋಟಿಗೆ ಕಟ್ಟಿಯೇ ಇರಲಿಲ್ಲ. ಲಂಗರು ಅದರ ಪಾಡಿಗೆ ಅದು ಮುಳುಗಿತು, ಬೋಟು ಇದರ ಪಾಡಿಗೆ ಇದು ತೇಲಿಕೊಂಡು ಹೊರಟಿತು. ದೊಡ್ಡವರೆಲ್ಲ ಒಬ್ಬರ ಮೇಲೊಬ್ಬರು ರೇಗಾಡಿದರು. "ನೀನೇ ಕರ್ಕೊಂಡು ಬಂದಿದ್ದು!" "ಪೆಟ್ರೋಲ್ ನೋಡ್ಬಾರ್ದಾ?" ಆಂಟಿಯೂ ಕಿರುಚಿದರು, ಅದನ್ನು ಅವರೇ ಹೇಳುತ್ತಾರೆ. ಎಂಟು ವರ್ಷದ ಕವನಾಳನ್ನು "ಒಳಗೆ ಕೂತಿರು" ಎಂದು ಬೋಟಿನ ಮೂತಿಯಲ್ಲಿದ್ದ ಗೂಡಿನಂಥ ಕ್ಯಾಬಿನ್‌ಗೆ ತಳ್ಳಿದ್ದರು. ಅವಳಿಗೆ ಏನೂ ಕಾಣುತ್ತಿರಲಿಲ್ಲ, ಕಿರುಚಾಟ ಮಾತ್ರ ಕೇಳುತ್ತಿತ್ತು. ರಕ್ಷಣೆಯವರು ಬಂದು ಎಳೆದುಕೊಂಡು ಹೋಗುವಷ್ಟರಲ್ಲಿ ಸೂರ್ಯ ಮುಳುಗಿದ್ದ. ಯಾರಿಗೂ ಏನೂ ಆಗಲಿಲ್ಲ ಎಂದು ಎಲ್ಲರೂ ದೇವರಿಗೆ ಕೈ ಮುಗಿದರು.

ಕವನಾ ಮಾತ್ರ ಅಂದಿನಿಂದ ನೀರಿಗೆ ಇಳಿಯಲಿಲ್ಲ. ಈಜುಕೊಳವೂ ಇಲ್ಲ, ಬೀಚೂ ಇಲ್ಲ. ಶಾಲೆಯ ಈಜು ಪಂದ್ಯದ ದಿನ ಪ್ರತಿ ವರ್ಷ ಹೊಟ್ಟೆನೋವು. ಮರುವರ್ಷ ಪರ್ತ್‌ಗೆ ಬಂದ ಮೇಲೆ ಮನೆ ಹತ್ತಿರವೇ ಅಷ್ಟು ದೊಡ್ಡ ನದಿ ಇದ್ದರೂ, ಕಾರು ಸೇತುವೆ ದಾಟುವಾಗ ಹುಡುಗಿ ಫೋನ್ ನೋಡುತ್ತಾ ಕೂರುತ್ತಿದ್ದಳು.

ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಬಿಡಿ ಎಂದು ಎಲ್ಲರೂ ಹೇಳಿದರು ಕೂಡ. ಆಂಟಿ ಬಿಡಲಿಲ್ಲ. ಕವನಾಳಿಗೆ ಹನ್ನೆರಡು ತುಂಬಿದ ಮೇಲೆ ಒಂದು ದಿನ, ಬೇರೆಯವರ ಬೋಟಲ್ಲ, ನಮ್ಮದೇ ಬೋಟು, ನಾನೇ ಓಡಿಸುತ್ತೇನೆ, ಬರುತ್ತೀಯಾ ಎಂದು ಕೇಳಿದರು. ಹುಡುಗಿ, ಅಲ್ಲಿ ಹುಟ್ಟಿ ಬೆಳೆದ ಮಕ್ಕಳೆಲ್ಲರ ಹಾಗೆ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

"ಒನ್ ಟೈಮ್, ಅಮ್ಮ. ಇಫ್ ಇಟ್ ಸ್ಟಾಪ್ಸ್, ದಟ್ಸ್ ಇಟ್. ನೆವರ್ ಅಗೇನ್."

ಒಂದೇ ಒಂದು ಸಲ. ಬೋಟು ನಡುನೀರಿನಲ್ಲಿ ನಿಂತರೆ ಆಮೇಲೆ ಈ ಮಾತೇ ಇಲ್ಲ. ಈಗ ಹೇಳಿ, ಇಂಥ ಬೋಟನ್ನು ನೀವಾದರೆ ಹೇಗೆ ಆರಿಸುತ್ತೀರಿ? ಯಾರೋ "ನಮ್ಮವರೇ, ತಗೊಳ್ಳಿ" ಎಂದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೀರಾ?

ಆಂಟಿ ಮೊದಲು ಬೋಟು ಓಡಿಸುವ ಪರೀಕ್ಷೆ ಪಾಸು ಮಾಡಿ ಸ್ಕಿಪ್ಪರ್ ಟಿಕೆಟ್ ತೆಗೆದುಕೊಂಡರು. ಆಮೇಲೆ ಯಾವ ಥರದ ಬೋಟು ಎಂದು ತೀರ್ಮಾನಿಸಿದರು. ಕ್ಯಾಬಿನ್ ಇರುವುದು ಬೇಡವೇ ಬೇಡ. ಬೌರೈಡರ್ ಎಂಬ ಜಾತಿಯೊಂದಿದೆ. ಅದರ ಮೂತಿ ತೆರೆದಿರುತ್ತದೆ, ಅಲ್ಲೂ ಸೀಟು. ಗಾಜಿನ ಹಿಂದೆ ಅಮ್ಮ ಚಕ್ರ ಹಿಡಿದು ಕೂತರೆ, ಮುಂದೆ ಕೂತ ಮಗಳಿಗೆ ಅಮ್ಮನ ಮುಖ ಕಾಣುತ್ತದೆ, ಅಮ್ಮನಿಗೆ ಮಗಳದ್ದು. "ಅವಳಿಗೆ ನನ್ ಮುಖ ಕಾಣ್ಬೇಕು, ಅಷ್ಟೇ" ಎಂದರು ಆಂಟಿ. ಹೊಸದನ್ನು ಕೊಳ್ಳುವ ಮಾತೇ ಇರಲಿಲ್ಲ. ಯಾರಾದರೂ ಬಳಸಿದ್ದನ್ನೇ ನೋಡಬೇಕು.

ಗಣಿಯಲ್ಲಿದ್ದ ಮಲ್ಲಿಕಾರ್ಜುನ ಅಂಕಲ್‌ಗೆ ಫೋನ್ ಹೋಯಿತು. ಅಲ್ಲಿ ಸಿಗ್ನಲ್ ಕಥೆ ನಿಮಗೆ ಗೊತ್ತಲ್ಲ.

"ಏನ್ ತಗೋತೀಯಾ? ಬೋರ್ ರಿಗ್ಗಾ? ಇಲ್ಲಿ ಸೈಟಲ್ಲೇ ಬೇಕಾದಷ್ಟು ಬಿದ್ದಿವೆ ಕಣೇ!"

"ಬೋರ್ ಅಲ್ಲ ರೀ, ಬೌ. ಬೌ ರೈಡರ್."

"ಬೌ ಬೌ ಅಂದ್ರೆ? ನಾಯಿನಾ?"

"ಹೂಂ ರೀ, ನಾಯಿ. ಮನೆಗೆ ಬಂದಾಗ ವಾಕಿಂಗ್ ಕರ್ಕೊಂಡ್ಹೋಗಿ. ನೀರಲ್ಲಿ."

ಸುದ್ದಿ ಹಬ್ಬಿತು. ಹಬ್ಬಿ ಗಣಪತಿ ಅಂಕಲ್‌ವರೆಗೆ ಹೋಯಿತು. ಇವರ ಬಗ್ಗೆ ಹೇಳಲೇಬೇಕು. ಪರ್ತ್‌ಗೆ ಹೊಸದಾಗಿ ಬಂದ ಎಷ್ಟೋ ಕನ್ನಡದವರು ಮೊದಲ ಊಟ ಮಾಡಿದ್ದು ಅವರ ಮನೆಯಲ್ಲಿ. ಇಂದುಮತಿ ಆಂಟಿಯ ಸಂಸಾರವೂ ಬಾಡಿಗೆ ಮನೆ ಸಿಗುವವರೆಗೆ ಅಲ್ಲೇ ಇತ್ತು. ಅವರ ಹೆಂಡತಿ ಸುಭದ್ರಾ ಆಂಟಿ ಬೆಳಗ್ಗೆ ಬಿಸಿ ಬಿಸಿ ಉಪ್ಪಿಟ್ಟು ಮಾಡಿ ಬಡಿಸುತ್ತಿದ್ದರಂತೆ. ಅಂಕಲ್ ಒಳ್ಳೆಯವರೇ, ನಾನು ಇಲ್ಲ ಎನ್ನುತ್ತಿಲ್ಲ. ಆದರೆ ಅವರು ಒಂದು ಮಾತು ಹೇಳಿದರೆ ಅದರ ಮೇಲೆ ಇನ್ನೊಂದು ಮಾತು ಯಾರೂ ಆಡಬಾರದು. ಅವರ ಹತ್ತಿರವೇ ಒಂದು ಬೌರೈಡರ್ ಇತ್ತು. ಅದು ನಿಂತ ಜಾಗದಲ್ಲಿ ಗ್ರ್ಯಾನಿ ಫ್ಲಾಟ್ ಎಂಬ ಸಣ್ಣ ಮನೆ ಕಟ್ಟಬೇಕಿತ್ತು. ಹಾಗಾಗಿ ಅವರೇ ಫೋನ್ ಮಾಡಿದರು. "ಬೇರೆ ಕಡೆ ಯಾಕಮ್ಮಾ ಹುಡುಕ್ತೀಯಾ? ನಮ್ಮನೇದೇ ಇದೆ. ಬಂದು ತಗೊಂಡ್ಹೋಗು."

"ಬಂದು ನೋಡು" ಎನ್ನಲಿಲ್ಲ, ಗಮನಿಸಿ. "ತಗೊಂಡ್ಹೋಗು."

ಮಲ್ಲಿಕಾರ್ಜುನ ಅಂಕಲ್ ಗಣಿಯಿಂದ ಬಂದ ವಾರ ಎಲ್ಲರೂ ಹೋದರು. ಬೇಲಿಯಾಚೆಯ ಅಭಿಮಾನಿಯಾದ ನನಗೂ ಕಾರಿನಲ್ಲಿ ಜಾಗವಿತ್ತು. ಬೋಟು ಟ್ರೇಲರ್ ಮೇಲೆ ಬಿಳಿ ಹಂಸದ ಹಾಗೆ ಕೂತಿತ್ತು, ಸುಳ್ಳಲ್ಲ. ಸೀಟಿನ ಪ್ಲಾಸ್ಟಿಕ್ ಕೂಡ ತೆಗೆದಿರಲಿಲ್ಲ.

"ನೋಡಮ್ಮಾ, ಹೊಸದೇ ಇದ್ದಂಗಿದೆ. ನೀರಿಗಿಳಿದಿದ್ದು ಎರಡೇ ಸಲ, ಅದೂ ತಗೊಂಡ ವರ್ಷ" ಎಂದರು ಗಣಪತಿ ಅಂಕಲ್.

"ಆಮೇಲೆ ಬೋಟ್ ಏನ್ಮಾಡ್ತಿತ್ತು ಅಂಕಲ್?"

"ಸುಮ್ನೆ ಬಿಟ್ಟಿಲ್ಲ! ವರ್ಷಾ ವರ್ಷಾ ಆಯುಧಪೂಜೆಗೆ ತೊಳೆದು, ಹೂ ಹಾಕಿ, ಸ್ಟಾರ್ಟ್ ಮಾಡಿ, ಆರತಿ, ಮಂತ್ರ, ಮಂಗಳಾರತಿ ಮುಗಿಯೋವರ್ಗೂ ಎಂಜಿನ್ ಓಡ್ತಾ ಇರ್ಬೇಕು. ಒಂದ್ ವರ್ಷಾನೂ ತಪ್ಪಿಸಿಲ್ಲ."

ನಿಜವೇ. ಕೀ ಹಾಕುವ ತೂತಿನ ಸುತ್ತ ಕುಂಕುಮ, ಗೇರಿನ ಹಿಡಿಕೆಗೆ ಅರಿಶಿನ, ಲೋಟ ಇಡುವ ಗುಂಡಿಯಲ್ಲಿ ಒಣಗಿದ ಚೆಂಡು ಹೂವಿನ ಎಸಳು. ಆಂಟಿ ಕುಂಕುಮವನ್ನು ಬೆರಳಿನಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಅವರಿಗೆ ದೇವರ ಮೇಲೆ ಭಕ್ತಿ ಇಲ್ಲ ಅಂತಲೂ ಆಮೇಲೆ ಜನ ಆಡಿಕೊಂಡರು.

ಆಮೇಲೆ ಅವರು ಸೀಟುಗಳ ಮುಚ್ಚಳ ಎತ್ತಿ ಒಳಗೆಲ್ಲ ನೋಡತೊಡಗಿದರು. ಒಂದರೊಳಗೆ ಪೊಟ್ಟಣವೊಂದು ಸಿಕ್ಕಿತು. ಕಿವಿ ಮುಚ್ಚುವ ಹೆಡ್‌ಫೋನ್ ಥರ, ತಂತಿಯ ಎರಡು ಕೊನೆಗೆ ಎರಡು ರಬ್ಬರ್ ಬಟ್ಟಲು. ಪೊಟ್ಟಣವನ್ನು ಒಡೆದೇ ಇರಲಿಲ್ಲ.

"ಅಂಕಲ್, ಇದು?"

"ಇಯರ್ ಮಫ್ ಅದು. ಮಾರಿದವನು ಕೊಟ್ಟಿದ್ದು. ಮನೇಲಿ ಸ್ಟಾರ್ಟ್ ಮಾಡೋವಾಗ ತಪ್ಪದೆ ಹಾಕು ಅಂದಿದ್ದ. ಎಂಜಿನ್ ಸೌಂಡಿಗೆ. ನಂಗೆ ಹೆಂಗೂ ಕಿವಿ ಸ್ವಲ್ಪ ಮಂದ, ಬೇಕಾಗ್ಲಿಲ್ಲ."

ನನಗೆ ಅರ್ಥವಾಗಿರಲಿಲ್ಲ. ಆಂಟಿಗೆ ಆಗಿತ್ತು, ಟಿಕೆಟ್ ತರಗತಿಯಲ್ಲಿ ಹೇಳಿಕೊಟ್ಟಿದ್ದರಂತೆ. ಆ ಇಯರ್ ಮಫ್ ಮನುಷ್ಯರ ಕಿವಿಗಲ್ಲ, ಬೋಟಿನ ಕಿವಿಗೆ. ಬೋಟಿನ ಎಂಜಿನ್ ತಣ್ಣಗಾಗುವುದು ಹೊರಗಿನ ನೀರಿನಿಂದ. ಅದಿರುವ ನದಿಯಿಂದಲೇ ನೀರು ಎಳೆದುಕೊಂಡು ಒಳಗೆ ಸುತ್ತಿಸುತ್ತದೆ. ನೆಲದ ಮೇಲೆ ಸ್ಟಾರ್ಟ್ ಮಾಡಬೇಕಾದರೆ, ನೀರು ಎಳೆಯುವ ತೂತುಗಳಿಗೆ ಆ ಬಟ್ಟಲುಗಳನ್ನು ಕಚ್ಚಿಸಿ ಹೋಸ್ ಪೈಪಿನಿಂದ ನೀರು ಬಿಡಬೇಕು. ನೀರಿಲ್ಲದೆ ಓಡಿಸಿದರೆ ನೀರು ಎಳೆಯುವ ಸಣ್ಣ ರಬ್ಬರ್ ಚಕ್ರ ಒಣಗಿ, ಉಜ್ಜಿ, ಸುಟ್ಟುಹೋಗುತ್ತದೆ. ಇಲ್ಲಿ ವರ್ಷಾ ವರ್ಷಾ ಮಂಗಳಾರತಿ ಮುಗಿಯುವವರೆಗೆ ಒಣ ಎಂಜಿನ್ ಓಡಿದೆ. ಕಾರಿಗೆ, ಸ್ಕೂಟರಿಗೆ ಮಾಡಿದ ಹಾಗೇ, ಶ್ರದ್ಧೆಯಿಂದ. ನಮ್ಮವರನ್ನು ಬಿಟ್ಟು ಇನ್ಯಾರು ಹೀಗೆ ಮಾಡುತ್ತಾರೆ ಹೇಳಿ!

ಆಂಟಿ ನಗಲಿಲ್ಲ. ಪೊಟ್ಟಣ ಒಡೆದು, ಬಟ್ಟಲು ಕಚ್ಚಿಸಿ, ಗಾರ್ಡನ್ ಹೋಸ್ ಸಿಕ್ಕಿಸಿ ಸ್ಟಾರ್ಟ್ ಮಾಡಿದರು. ಎಂಜಿನ್ ಬೆಣ್ಣೆಯ ಹಾಗೆ ಓಡಿತು.

"ನೋಡ್ದ್ಯಾ?" ಗಣಪತಿ ಅಂಕಲ್ ಎದೆಯುಬ್ಬಿಸಿದರು.

"ನೋಡ್ದೆ ಅಂಕಲ್. ಈಗ ನದೀಲಿ ನೋಡ್ಬೇಕು."

"ಇಲ್ಲೇ ಓಡ್ತಾ ಇದೆಯಲ್ಲಮ್ಮಾ!"

"ಇಲ್ಲಿ ನಲ್ಲಿ ನೀರು ತಾನೇ ಒತ್ಕೊಂಡು ಒಳಗೆ ಹೋಗ್ತಿದೆ. ನದೀಲಿ ಎಂಜಿನ್ನೇ ಎಳ್ಕೋಬೇಕು. ನನ್ನ ಕಂಪ್ಯೂಟರಲ್ಲಿ ಓಡುತ್ತೆ ಮೇಡಂ ಅನ್ನೋರನ್ನ ದಿನಾ ನೋಡ್ತೀನಿ ಅಂಕಲ್. ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಗೊತ್ತಾಗೋದು."

"ಅಂದ್ರೆ ನನ್ ಮಾತಿಗಿಂತ ನದಿ ಹೆಚ್ಚಾಯ್ತಾ?"

ಮಲ್ಲಿಕಾರ್ಜುನ ಅಂಕಲ್ ಹೆಂಡತಿಯ ಮೊಣಕೈ ಮುಟ್ಟಿದರು. ಆಂಟಿ ಮೊಣಕೈ ಎಳೆದುಕೊಂಡರು.

"ಈ ಒಂದು ವಿಷಯಕ್ಕೆ ಹೌದು, ಅಂಕಲ್."

ಕಾರಿನಲ್ಲಿ ವಾಪಸು ಬರುವಾಗ ಮಲ್ಲಿಕಾರ್ಜುನ ಅಂಕಲ್ ಶುರು ಮಾಡಿದರು. "ಅವರ ಮನೆ ಉಪ್ಪು ತಿಂದಿದೀವಿ ಇಂದು."

"ಉಪ್ಪಿಟ್ಟೇ ತಿಂದಿದೀವಿ ರೀ. ಥ್ಯಾಂಕ್ಸ್ ಹೇಳಿದೀನಿ, ಈಗ್ಲೂ ಹೇಳ್ತೀನಿ. ನಾಳೆ ಅವರಿಗೆ ಹುಷಾರಿಲ್ಲ ಅಂದ್ರೆ ರಾತ್ರಿಯಿಡೀ ಆಸ್ಪತ್ರೇಲಿ ಕೂತಿರ್ತೀನಿ. ಆದ್ರೆ ನೀರ್ ಮಧ್ಯ ಎಂಜಿನ್ ನಿಂತ್ರೆ ಅದಕ್ಕೆ ಉಪ್ಪಿಟ್ಟಿನ ಕಥೆ ಹೇಳೋಕಾಗುತ್ತಾ? ಇವಳಿಗೆ ಇರೋದು ಒಂದೇ ಚಾನ್ಸು."

ಹಿಂದಿನ ಸೀಟಿನಲ್ಲಿ ಕವನಾ ಕಿಟಕಿಯಾಚೆ ನೋಡುತ್ತಿದ್ದಳು. ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಅದು ಅವಳ ಕತ್ತು ನೋಡಿದರೇ ತಿಳಿಯುತ್ತಿತ್ತು.

ಆಮೇಲಿನ ದಿನಗಳು ಕೇಳಬೇಡಿ. ಕನ್ನಡ ಸಂಘದ ದೀಪಾವಳಿ ಊಟದಲ್ಲಿ ಆಂಟಿ ಪುಳಿಯೋಗರೆ ಪಾತ್ರೆ ಹಿಡಿದು ಬಂದರೆ ಮೇಜಿನ ಆ ಕಡೆ ಮಾತು ನಿಲ್ಲುತ್ತಿತ್ತು. "ದೊಡ್ಡವರ ಮಾತು ನಂಬಲ್ಲ ಅಂದ್ಮೇಲೆ ಇನ್ನೇನು." "ಹೆಂಗಸರಿಗೆ ಬೋಟು ಯಾಕಂತೆ?" "ಪೂಜೆ ಮಾಡಿದ್ರೆ ಎಂಜಿನ್ ಹಾಳಾಗುತ್ತೆ ಅಂದ್ಲಂತೆ, ಕೇಳಿದ್ರಾ?" ಬ್ರಿಸ್ಬೇನ್‌ನಿಂದ ಸಂದೀಪ ಫೋನ್ ಮಾಡಿ, "ಅಕ್ಕಾ, ಸುಮ್ನೆ ತಗೊಂಡ್ಬಿಡೇ, ಇಲ್ಲಾಂದ್ರೆ ಬೋಟೇ ಬೇಡ ಅನ್ನು" ಎಂದ. ಆಂಟಿ ಕೇಳಿದ್ದು ಒಂದೇ: "ನಿನ್ ಫ್ರೆಂಡು ಲಂಗರಿನ ಹಗ್ಗ ಬೋಟಿಗೆ ಕಟ್ಟಿದ್ನಾ ಕೇಳು." ಫೋನ್ ಇಟ್ಟ.

ಕೊನೆಗೆ ಗಣಪತಿ ಅಂಕಲ್ ತಾವಾಗಿ ಒಪ್ಪಿದರು. ಒಪ್ಪಿದ್ದಲ್ಲ, ಸವಾಲು ಹಾಕಿದ್ದು. ಭಾನುವಾರ ಬೆಳಗ್ಗೆ ಡೀಪ್‌ವಾಟರ್ ಪಾಯಿಂಟ್ ಎಂಬಲ್ಲಿ, ಬೋಟುಗಳನ್ನು ನದಿಗೆ ಇಳಿಸುವ ಇಳಿಜಾರಿನ ಹತ್ತಿರ ಬನ್ನಿ, ಎಲ್ಲರೂ ಬನ್ನಿ, ಎಂದು ಸಂಘದ ಗುಂಪಿಗೆಲ್ಲ ಮೆಸೇಜು ಹಾಕಿದರು. ಜನ ಬಂದರು ನೋಡಿ! ಜಮಖಾನ, ಚಿತ್ರಾನ್ನ, ಫ್ಲಾಸ್ಕಿನಲ್ಲಿ ಕಾಫಿ, ಬಾರ್ಬಿ, ಅಂದರೆ ಬಾರ್ಬೆಕ್ಯೂ ಒಲೆ, ಹಚ್ಚಿ ಜೋಳ ಸುಡುವವರು ಬೇರೆ. ಒಬ್ಬ ಹೆಂಗಸು ಸೋಲುವುದನ್ನು ನೋಡಲು ಇಷ್ಟು ಉತ್ಸಾಹ.

ಬೋಟು ನೀರಿಗಿಳಿಯಿತು. ಗಣಪತಿ ಅಂಕಲ್ ಹತ್ತಿದರು, ಮಲ್ಲಿಕಾರ್ಜುನ ಅಂಕಲ್ ಹತ್ತಿದರು. ಆಂಟಿ ಎಲ್ಲಕ್ಕಿಂತ ಮೊದಲು ಲಂಗರಿನ ಹಗ್ಗದ ತುದಿಯನ್ನು ಹುಡುಕಿ, ಬೋಟಿನ ಕೊಂಡಿಗೆ ಕಟ್ಟಿದೆಯೇ ಎಂದು ಎಳೆದು ನೋಡಿ, ಚಕ್ರದ ಹಿಂದೆ ಕೂತರು. ಕವನಾ ದಡದಲ್ಲಿ ಲೈಫ್ ಜಾಕೆಟ್ ಹಾಕಿಕೊಂಡೇ ನಿಂತಿದ್ದಳು. ಅದನ್ನು ಹಾಕಿಕೋ ಎಂದು ಯಾರೂ ಹೇಳಿರಲಿಲ್ಲ.

"ಬಾ ಪುಟ್ಟಾ, ಮುಂದೆ ಕೂತ್ಕೋ! ನಿಂಗೋಸ್ಕರ ತಾನೇ ಬೋಟು!" ಗಣಪತಿ ಅಂಕಲ್ ಕೈ ಚಾಚಿದರು.

ಕವನಾ ಅಮ್ಮನ ಕಡೆ ನೋಡಿದಳು.

"ಇವತ್ತು ನೀನಲ್ಲ" ಎಂದರು ಆಂಟಿ.

"ಏನಮ್ಮಾ ಇಂದುಮತಿ, ಮಗೂನ ಎದುರಿಗೇ ಹಿಂಗಾ? ನಾನಿದೀನಲ್ಲ!"

"ನೀವಿದೀರಿ ಅಂಕಲ್. ಆದ್ರೆ ಅವಳ ಒಂದು ಸಲಾನ ನಿಮ್ಮ ಬೋಟಿಗೆ ಇನ್ನೂ ಕೊಟ್ಟಿಲ್ಲ ನಾನು. ಮೊದ್ಲು ಓಡ್ಲಿ."

ಎಲ್ಲರಿಗೂ ಕೇಳುವ ಹಾಗೇ ಹೇಳಿದರು. ನೀವು "ಮಾಡಬಾರ್ದಿತ್ತು" ಎಂದಿದ್ದು ಇದನ್ನೇ ತಾನೇ? ಸರಿ. ಮುಂದೆ ಕೇಳಿ.

ಬೋಟು ಹೊರಟಿತು, ಬಾಣ. ಬಿಳಿ ನೊರೆ ಎಬ್ಬಿಸಿಕೊಂಡು, ದೊಡ್ಡ ತಿರುವು ತೆಗೆದುಕೊಂಡು, ಆ ಕಡೆಯ ಮರಳ ದಿಬ್ಬದವರೆಗೂ ಹೋಯಿತು. ದಡದಲ್ಲಿ ಚಪ್ಪಾಳೆ. "ಹೇಳ್ಲಿಲ್ವಾ?" ಎಂದರು ಯಾರೋ. ಅಷ್ಟರಲ್ಲಿ ನೊರೆ ಸಣ್ಣದಾಯಿತು. ಪೀ ಎಂದು ಒಂದು ಶಬ್ದ ನೀರಿನ ಮೇಲಿಂದ ತೆಳ್ಳಗೆ ಕೇಳಿತು. ಬೋಟು ನಿಂತಿತು. ನದಿಯ ನಡುವೆ, ಎಲ್ಲರ ಕಣ್ಣೆದುರು.

ನಾನು ಬೋಟು ನೋಡಲಿಲ್ಲ, ಕವನಾಳನ್ನು ನೋಡಿದೆ. ಜಾಕೆಟ್ಟಿನ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದಳು.

ದೂರದಲ್ಲಿ ಗಣಪತಿ ಅಂಕಲ್ ಎದ್ದು ನಿಂತು ಕೈ ಬೀಸುತ್ತಿದ್ದುದು ಕಾಣಿಸಿತು. ಮಲ್ಲಿಕಾರ್ಜುನ ಅಂಕಲ್ ಅವರನ್ನು ಕೂರಿಸುತ್ತಿದ್ದರು. ಆಂಟಿ ಏನು ಮಾಡಿದರು ಗೊತ್ತೇ? ಕೀ ತಿರುಗಿಸಿ ಆರಿಸಿದರು. ಗಾಜಿನ ನಡುವಿನ ಬಾಗಿಲು ತೆರೆದು ಮುಂದಕ್ಕೆ ಬಂದರು. ಲಂಗರು ಎತ್ತಿದರು, ಮೆಲ್ಲಗೆ ಇಳಿಬಿಟ್ಟರು, ಹಗ್ಗ ಬಿಗಿಯಾಗುವವರೆಗೆ ಕಾದರು. ಬೋಟು ಗಾಳಿಗೆ ಮುಖ ಮಾಡಿ ಶಿಸ್ತಾಗಿ ನಿಂತಿತು. ಆಮೇಲೆ ಮೂತಿಯ ಸೀಟಿನಲ್ಲಿ ಕಾಲು ನೀಡಿ ಕೂತು ಫೋನ್ ತೆಗೆದರು. ಕವನಾಳ ಫೋನ್ ರಿಂಗಾಯಿತು. ಅವಳು ಸ್ಪೀಕರ್ ಹಾಕಿದಳು.

"ನಿಂತ್ಹೋಯ್ತು ಪುಟ್ಟಾ. ಎಂಜಿನ್ ಬಿಸಿ ತೋರ್ಸೋ ಮುಳ್ಳು ಕೆಂಪಿಗೆ ಹೋಯ್ತು, ಆಫ್ ಮಾಡ್ದೆ. ಲಂಗರು ಹಾಕಿದೀನಿ. ಯಾರಾದ್ರೂ ಎಳ್ಕೊಂಡ್ ಬರ್ತಾರೆ. ನೀನು ಚಿತ್ರಾನ್ನ ತಿಂದ್ಯಾ?"

ಕವನಾ ಫೋನನ್ನು ಕೈಯಲ್ಲಿ ಹಿಡಿದುಕೊಂಡೇ, ನೀರಿನ ಅಂಚಿನವರೆಗೆ ನಡೆದು ನಿಂತಳು. ಸ್ವಲ್ಪ ಹೊತ್ತಿನಲ್ಲಿ ಮೀನು ಹಿಡಿಯಲು ಹೊರಟಿದ್ದ ಇಬ್ಬರು ಅವರನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಅಷ್ಟು ಹೊತ್ತೂ ಹುಡುಗಿಯ ಪಾದದ ಮೇಲೆ ಸಣ್ಣ ಅಲೆಗಳು ಹತ್ತಿ ಇಳಿಯುತ್ತಿದ್ದವು. ಅವಳು ಅದನ್ನು ಗಮನಿಸಿದಂತೆ ಕಾಣಲಿಲ್ಲ. ನಾನು ಗಮನಿಸಿದೆ.

ದಡಕ್ಕೆ ಬಂದ ಗಣಪತಿ ಅಂಕಲ್ ಮುಖ ಕೆಂಪಾಗಿತ್ತು. "ಒಂದು ರಬ್ಬರ್ ಚಕ್ರ ಅಷ್ಟೇ! ಮೆಕ್ಯಾನಿಕ್ ಅರ್ಧ ಗಂಟೇಲಿ ಹಾಕ್ತಾನೆ!"

"ಹಾಕ್ಸಿ ಅಂಕಲ್, ನೀವೇ ಓಡ್ಸಿ, ಚೆನ್ನಾಗಿದೆ ಬೋಟು. ಅಷ್ಟು ವರ್ಷ ಒಣಗಿ ಓಡಿದ ಎಂಜಿನ್ ಒಳಗೆ ಇನ್ನೇನಾಗಿದೆಯೋ ನಂಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ನಾನು ತಗೊಳ್ಳಲ್ಲ."

"ದೇವರ ಪೂಜೆ ಮಾಡಿದ್ದೇ ತಪ್ಪಾ ಹಂಗಾದ್ರೆ?"

ಆಗ ಜಮಖಾನದ ಮೇಲಿಂದ ಸುಭದ್ರಾ ಆಂಟಿ ಎದ್ದರು. ಅಷ್ಟು ಜನರ ಎದುರು ಅವರು ಗಂಡನಿಗೆ ಎದುರಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಪ್ರತಿ ವರ್ಷ ಆರತಿ ತಟ್ಟೆ ಹಿಡ್ಕೊಂಡು ನಾನು ಬಡ್ಕೊಂಡೆ, ರೀ ಏನೋ ಸುಟ್ಟ ವಾಸನೆ ಬರ್ತಿದೆ ಅಂತ. ಏನಂದ್ರಿ? ಕರ್ಪೂರ ಕಣೇ ಅದು, ಕೈ ಮುಗಿ ಅಂದ್ರಿ! ನಾನೂ ಮುಗಿದೆ. ಸುಡ್ತಾ ಇರೋ ರಬ್ಬರಿಗೆ!"

ಮಲ್ಲಿಕಾರ್ಜುನ ಅಂಕಲ್ ಜೋರಾಗಿ ನಕ್ಕುಬಿಟ್ಟರು, ತಡೆಯಲಾಗಲಿಲ್ಲ ಪಾಪ. ಗಣಪತಿ ಅಂಕಲ್ ಟ್ರೇಲರಿನ ಕಡೆ ನಡೆದುಬಿಟ್ಟರು.

ಸಂಜೆ ಮನೆಯಲ್ಲಿ ಆಂಟಿ ಸೋತವರ ಹಾಗೆ ಕೂತಿದ್ದರು. ಅದನ್ನೂ ಹೇಳಬೇಕು. ಜನ ಏನೆಂದರೂ ಕೇರ್ ಮಾಡದವರು ಮಗಳ ಎದುರು ಕುಗ್ಗಿದ್ದರು. "ನಿಂತ್ಹೋಯ್ತಲ್ಲ ಪುಟ್ಟಾ. ನೀನು ನೋಡ್ಬಿಟ್ಟೆ. ನಿನ್ನ ಕರ್ಕೊಂಡ್ಹೋಗ್ಬಾರ್ದಿತ್ತು ದಡಕ್ಕೂ" ಎಂದರು.

ಕವನಾ ಮೊಸರನ್ನ ಕಲಸುತ್ತಾ ಹೇಳಿದಳು. "ಯೂ ಡಿಡ್ನ್ಟ್ ಯೆಲ್."

"ಏನು?"

"ಇಟ್ ಸ್ಟಾಪ್ಡ್. ಆ್ಯಂಡ್ ಯೂ ಡಿಡ್ನ್ಟ್ ಯೆಲ್ ಅಟ್ ಎನಿಬಡಿ." ಬೋಟು ನಿಂತರೂ ಅಮ್ಮ ಈ ಸಲ ಯಾರ ಮೇಲೂ ಕಿರುಚಲಿಲ್ಲವಲ್ಲ, ಅದು. ಆಮೇಲೆ, ಬಹಳ ದಿನಗಳ ಮೇಲೆ, ಕನ್ನಡದಲ್ಲಿ: "ಇನ್ನೊಂದು ಬೋಟ್ ನೋಡೋಣ ಅಮ್ಮ."

ಈ ಮಾತನ್ನು ಆಂಟಿ ನನಗೆ ಬೇಲಿಯ ಮೇಲಿಂದ ಹೇಳುವಾಗ ಬಟ್ಟೆ ಒಣಗಿಸುತ್ತಿದ್ದರು. ಒಂದೇ ಟವೆಲನ್ನು ಮತ್ತೆ ಮತ್ತೆ ಕೊಡವುತ್ತಿದ್ದರು.

ಇನ್ನೊಂದು ಬೋಟು ರಾಕಿಂಗ್‌ಹ್ಯಾಮ್‌ನಲ್ಲಿ ಸಿಕ್ಕಿತು, ನಿವೃತ್ತ ನರ್ಸ್ ಒಬ್ಬರ ಹತ್ತಿರ. ನೋಡಲು ಏನೇನೂ ಚೆನ್ನಾಗಿಲ್ಲ. ಬಿಸಿಲಿಗೆ ಬಣ್ಣ ಹೋಗಿದೆ, ಸೀಟು ಬಿರಿದು ಸ್ಪಂಜು ಇಣುಕುತ್ತದೆ, ನೆಲದ ಕಾರ್ಪೆಟ್ಟಿನಲ್ಲಿ ಮೊಮ್ಮಕ್ಕಳು ಚೆಲ್ಲಿದ ಏನೇನೋ ಕಲೆ. ಆದರೆ ಇಯರ್ ಮಫ್ ಬಳಸಿ ಬಳಸಿ ಬಿರುಕು ಬಿಟ್ಟಿತ್ತು. ಆಂಟಿಗೆ ಅದನ್ನು ನೋಡಿಯೇ ಮುಕ್ಕಾಲು ಮನಸ್ಸಾಯಿತು. ನೀರಿಗಿಳಿಸಿ ಓಡಿಸಬೇಕು ಎಂದಾಗ ಆ ಅಜ್ಜಿ ಅವಮಾನ ಅಂದುಕೊಳ್ಳಲಿಲ್ಲ. "ಮತ್ತೆ ಹೇಗೆ ಕೊಳ್ಳುತ್ತೀಯ?" ಎಂದು ಅವರೇ ಕೇಳಿದರಂತೆ. ಅಪ್ಪ ಅಮ್ಮ ಮೊದಲು ಓಡಿಸಿದರು, ಎಂಜಿನ್ ಬಿಸಿಯ ಮುಳ್ಳು ಇದ್ದಲ್ಲೇ ಇತ್ತು. ಎರಡನೇ ಸುತ್ತಿಗೆ ಕವನಾ ಹತ್ತಿದಳು. ಮುಂದೆ ಕೂರಲಿಲ್ಲ, ಅಮ್ಮನ ಪಕ್ಕ ಕೂತು ಇಡೀ ದಾರಿ ಮುಳ್ಳನ್ನೇ ನೋಡಿದಳು. ಅಷ್ಟು ಸಾಕಿತ್ತು.

ಪೂಜೆ? ಮಾಡಿದರು, ಯಾಕೆ ಮಾಡುವುದಿಲ್ಲ? ಅದೇ ಡೀಪ್‌ವಾಟರ್ ಪಾಯಿಂಟ್‌ನಲ್ಲಿ. ಬೋಟಿಗೆ ಚಕ್ರ ಎಲ್ಲಿದೆ, ನಿಂಬೆಹಣ್ಣು ಎಲ್ಲಿಡುತ್ತೀರಿ ಎಂದು ಯಾರೋ ಕುಟುಕಿದರು. ಆಂಟಿ ಟ್ರೇಲರಿನ ಎರಡೂ ಟೈರಿನ ಹಿಂದೆ ಇಟ್ಟರು. ರಿವರ್ಸಿನಲ್ಲಿ ಇಳಿಜಾರಿಗೆ ಇಳಿಯುವಾಗ ನಿಂಬೆಹಣ್ಣು ಪಚಕ್ಕೆಂದು ಒಡೆದು ರಸ ನದಿಗೇ ಹೋಯಿತು. ಆರತಿ ಎತ್ತಿದ್ದು ಸುಭದ್ರಾ ಆಂಟಿ. ಗಂಡ ಬರುವುದಿಲ್ಲ ಎಂದದ್ದಕ್ಕೆ ಬಸ್ಸು ಹತ್ತಿ, ಎರಡು ಬಸ್ಸು ಬದಲಾಯಿಸಿ, ತಟ್ಟೆಯನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದರು. ನೀರಿಗಿಳಿದ ಮೇಲೆಯೇ ಎಂಜಿನ್ ಶುರುವಾಯಿತು. ಸುಭದ್ರಾ ಆಂಟಿ ಕರ್ಪೂರ ಹಚ್ಚಿ, ಮೂಗು ಹತ್ತಿರ ತಂದು, "ಹೂಂ, ಇದು ಕರ್ಪೂರಾನೇ" ಎಂದರು. ಆಮೇಲೆ ಸೀರೆ ಮೇಲೆ ಲೈಫ್ ಜಾಕೆಟ್ ಹಾಕಿಕೊಂಡು ಮೂತಿಯ ಸೀಟಿನಲ್ಲಿ ಕೂತರು. ಎದುರಿನ ಸೀಟಿನಲ್ಲಿ, ಅಮ್ಮನ ಮುಖ ಕಾಣುವ ಹಾಗೆ, ಕವನಾ.

ಗಣಪತಿ ಅಂಕಲ್ ಇನ್ನೂ ಆಂಟಿಯ ಜೊತೆ ಮಾತು ಬಿಟ್ಟಿದ್ದಾರೆ. ಆಂಟಿ ಇನ್ನೂ ಎಲ್ಲ ಹಬ್ಬಕ್ಕೂ ಅವರಿಗೆ ನಮಸ್ಕಾರ ಮಾಡುತ್ತಾರೆ, ಕ್ಷಮೆ ಮಾತ್ರ ಕೇಳಿಲ್ಲ. ಯಾಕೆ ಕೇಳಬೇಕು?

ನಾನು ಹೇಳಿದ್ದು ಒಂದು ಕಡೆಯ ಮಾತು ಅನ್ನಿಸಿದರೆ ಬಹಳ ಸುಲಭ. ಭಾನುವಾರ ಬೆಳಗ್ಗೆ, ಮಧ್ಯಾಹ್ನದ ಗಾಳಿ ಏಳುವ ಮೊದಲು, ಡೀಪ್‌ವಾಟರ್ ಪಾಯಿಂಟ್‌ಗೆ ಹೋಗಿ. ಬಣ್ಣ ಹೋದ ಬೋಟು, ಸೀಟಿನಿಂದ ಇಣುಕುವ ಸ್ಪಂಜು, ಪಕ್ಕದಲ್ಲಿ ನೀರಿಗೆ ಧುಮುಕಿ ಧುಮುಕಿ ಹತ್ತುವ ಒಬ್ಬ ಹುಡುಗಿ. ಗುರುತು ಸಿಗದೇ ಇರುವುದಿಲ್ಲ. ಸೀಟಿನ ಬಗ್ಗೆ ಮಾತಾಡಬೇಡಿ, ಮಗಳಿಗೆ ಕೋಪ ಬರುತ್ತದೆ. ಹೋಗಿ, ಆಂಟಿಯನ್ನು ಮಾತಾಡಿಸಿ, ಒಂದು ಸುತ್ತು ಕರ್ಕೊಂಡು ಹೋಗಿ ಎಂದು ಕೇಳಿ. ಹತ್ತುವ ಮೊದಲು ಅವರು ಲಂಗರಿನ ಹಗ್ಗವನ್ನು ಎಳೆದು ನೋಡುತ್ತಾರೆ. ನೋಡಲಿ ಬಿಡಿ, ಅವಸರ ಮಾಡಬೇಡಿ.